ಬಾಗಿಲು ತೆರೆದಿದೆ, ಹೊಸ್ತಿಲು ಎತ್ತರ



2024ರ ಜುಲೈ 3ರಂದು ‘ಕೂ’ ಮುಚ್ಚುತ್ತಿದ್ದೇವೆ ಅಂತ ಅದರ ಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಪ್ರಕಟಿಸಿದರು. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾಗಿ, ಆಮೇಲೆ ಬೇರೆ ಭಾಷೆಗಳಿಗೆ ಹೋದ ಜಾಲತಾಣ ಅದು. ಕನ್ನಡ ಮೊದಲ ಪಂಕ್ತಿಯಲ್ಲಿ ಕೂತಿದ್ದ ಅಪರೂಪದ ಜಾಗ. ಕಂಪನಿ ನಿಂತಿತು, ಅಲ್ಲಿ ಜನ ಕಟ್ಟಿಕೊಂಡಿದ್ದ ಬಳಗವೂ ಚದುರಿತು. ಇದಕ್ಕೂ ಮೊದಲು 2014ರಲ್ಲಿ ಆರ್ಕುಟ್ ಹೋಯಿತು, 2019ರಲ್ಲಿ ಗೂಗಲ್ ಪ್ಲಸ್ ಹೋಯಿತು. ಮಾಲೀಕ ಒಬ್ಬನೇ ಆಗಿದ್ದರೆ ಅವನು ಬೀಗ ಹಾಕಿದ ದಿನ ಎಲ್ಲರೂ ಬೀದಿಗೆ.

ಇದಕ್ಕೆ ಪರಿಹಾರ ಅಂತ ಹೇಳುವ ಮಾತು ಒಂದಿದೆ: ವಿಕೇಂದ್ರೀಕೃತ ಜಾಲತಾಣ. ಮ್ಯಾಸ್ಟೊಡಾನ್, ಪಿಕ್ಸೆಲ್‌ಫೆಡ್, ಲೆಮ್ಮಿ, ಬ್ಲೂಸ್ಕೈ ಮುಂತಾದ ಹೆಸರು ನೀವೂ ಕೇಳಿರ್ತೀರಿ. ಒಬ್ಬ ಮಾಲೀಕ ಇಲ್ಲ, ಜಾಹೀರಾತಿನ ಕಾಟ ಇಲ್ಲ, ಯಾರೂ ಒಂದೇ ಏಟಿಗೆ ಮುಚ್ಚಲಾಗದು ಅಂತ ಅದರ ಪರವಾಗಿ ಮಾತಾಡುವವರು ಹೇಳ್ತಾರೆ. ಮಾತು ಬಹುಪಾಲು ನಿಜ. ಆಗ ನಮ್ಮ ಹುಡುಗರು ಹುಡುಗಿಯರು ಕೇಳುವ ಪ್ರಶ್ನೆಯೂ ಅಷ್ಟೇ ನಿಜ: “ಅಷ್ಟು ಒಳ್ಳೇದಿದ್ರೆ ಜನ ಹೋಗಿ ಹೋಗಿ ವಾಪಸ್ ಯಾಕೆ ಬರ್ತಾರೆ?”

ನಮ್ಮ ಉತ್ತರ ಇಷ್ಟೇ. ಮನೆಯ ಅಡಿಪಾಯ ಗಟ್ಟಿ ಇದೆ, ಆದರೆ ಕಟ್ಟಿದವರು ಹೊಸ್ತಿಲನ್ನು ತಮ್ಮ ಕಾಲಿನ ಅಳತೆಗೆ ಇಟ್ಟರು. ವಿಕೇಂದ್ರೀಕರಣ ಸೋತಿದ್ದರೆ ಅದು ತತ್ವದಲ್ಲಿ ಅಲ್ಲ, ಪರದೆಯ ಮೇಲೆ ಮತ್ತು ಸರ್ವರ್‌ನ ಒಳಗೆ. ಆ ಎರಡೂ ಸರಿಮಾಡಬಹುದಾದ ಸಂಗತಿಗಳು.

ಮೊದಲು, ಇದು ಹೇಗೆ ಕೆಲಸ ಮಾಡುತ್ತೆ

ಇಮೇಲ್ ನೆನಪಿಸಿಕೊಳ್ಳಿ. ನಿಮ್ಮದು ಒಂದು ಕಂಪನಿಯ ಇಮೇಲ್, ನಿಮ್ಮ ಗೆಳತಿಯದು ಇನ್ನೊಂದರದ್ದು. ಆದರೂ ಪತ್ರ ತಲುಪುತ್ತೆ. ಮ್ಯಾಸ್ಟೊಡಾನ್ ಕೂಡ ಹೀಗೇ. ಜರ್ಮನಿಯ ಯೂಗೆನ್ ರಾಕ್ಕೊ 2016ರಲ್ಲಿ ಇದನ್ನು ಹೊರತಂದರು. ಸಾವಿರಾರು ಸರ್ವರ್‌ಗಳು, ಒಂದೊಂದನ್ನೂ ಬೇರೆ ಬೇರೆ ಜನ ನಡೆಸುತ್ತಾರೆ, ಒಂದೊಂದಕ್ಕೂ ತನ್ನದೇ ನಿಯಮ. ಅವೆಲ್ಲ ಪರಸ್ಪರ ಮಾತಾಡುವ ಭಾಷೆಯ ಹೆಸರು ಆ್ಯಕ್ಟಿವಿಟಿಪಬ್. 2018ರ ಜನವರಿಯಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವಾಯಿತು.

ಭಾರತದವರು ಇಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು 2019ರ ನವೆಂಬರ್‌ನಲ್ಲಿ. ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತು ಮಾಡಿದ ಮೇಲೆ, ಸಿಟ್ಟಾದ ಬಹಳಷ್ಟು ಜನ ಮ್ಯಾಸ್ಟೊಡಾನ್‌ಗೆ ಹೋದರು. ಕೆಲವೇ ವಾರಗಳಲ್ಲಿ ಹೆಚ್ಚಿನವರು ಮರಳಿದರು. 2022ರ ಅಕ್ಟೋಬರ್ ಕೊನೆಗೆ ಇಲಾನ್ ಮಸ್ಕ್ ಟ್ವಿಟರ್ ಕೊಂಡಾಗ ಇದೇ ಕಥೆ ಇಡೀ ಪ್ರಪಂಚದಲ್ಲಿ ನಡೆಯಿತು. ತಿಂಗಳಿಗೆ ಸುಮಾರು 3 ಲಕ್ಷ ಸಕ್ರಿಯ ಬಳಕೆದಾರರಿದ್ದ ಮ್ಯಾಸ್ಟೊಡಾನ್ ಒಂದೆರಡು ತಿಂಗಳಲ್ಲಿ 25 ಲಕ್ಷ ಮುಟ್ಟಿತು. ಆಮೇಲೆ ಇಳಿಯಿತು. ಬಂದವರಿಗೆ ಸಿದ್ಧಾಂತ ಹಿಡಿಸಲಿಲ್ಲ ಅನ್ನೋದಕ್ಕಿಂತ, ದಾರಿಯೇ ಸಿಗಲಿಲ್ಲ ಅನ್ನೋದು ಹೆಚ್ಚು ಸರಿ.

ಬಾಗಿಲಲ್ಲೇ ಪರೀಕ್ಷೆ

ಮೊದಲ ಪರದೆಯಲ್ಲೇ ಪ್ರಶ್ನೆ ಎದುರಾಗುತ್ತಿತ್ತು: ಯಾವ ಸರ್ವರ್ ಬೇಕು? ಸಾಲು ಸಾಲು ಹೆಸರು. ಒಂದು ಕಲಾವಿದರದ್ದು, ಒಂದು ವಿಜ್ಞಾನಿಗಳದ್ದು, ಒಂದು ಯಾವುದೋ ನಗರದ್ದು. ಮೊದಲ ಸಲ ಬಂದವನಿಗೆ ಸರ್ವರ್ ಅಂದರೇನು, ಯಾರು ನಡೆಸ್ತಾರೆ, ನಾಳೆ ಇರ್ತಾರಾ, ಆಮೇಲೆ ಬದಲಾಯಿಸಬಹುದಾ — ಒಂದೂ ಗೊತ್ತಿಲ್ಲ. ಗೊತ್ತಾಗೋದಕ್ಕೆ ಒಳಗೆ ಹೋಗಬೇಕು, ಒಳಗೆ ಹೋಗೋದಕ್ಕೆ ಗೊತ್ತಿರಬೇಕು. ಊರಿಗೆ ಬಂದ ಮೊದಲ ದಿನವೇ ಯಾವ ವಾರ್ಡಿನಲ್ಲಿ ಮತ ಹಾಕ್ತೀಯಾ ಅಂತ ಕೇಳಿದ ಹಾಗೆ.

ಇದು ತಪ್ಪು ಅಂತ ಅವರಿಗೂ ಅರ್ಥವಾಯಿತು. 2023ರ ಮೇ ತಿಂಗಳಲ್ಲಿ ಮ್ಯಾಸ್ಟೊಡಾನ್‌ನ ಅಧಿಕೃತ ಆ್ಯಪ್‌ನಲ್ಲಿ, ಬಂದವರನ್ನು ನೇರವಾಗಿ ಅವರದೇ ದೊಡ್ಡ ಸರ್ವರ್ ಆದ ಮ್ಯಾಸ್ಟೊಡಾನ್ ಡಾಟ್ ಸೋಶಿಯಲ್‌ಗೆ ಸೇರಿಸುವ ಬಟನ್ ಮೇಲಕ್ಕೆ ಬಂತು. ಬೇರೆ ಸರ್ವರ್ ಬೇಕಾದವರಿಗೆ ಕೆಳಗೆ ಇನ್ನೊಂದು ಬಟನ್. ಹಳಬರು ಗೊಣಗಿದರು: ಹೀಗಾದರೆ ಎಲ್ಲರೂ ಒಂದೇ ಕಡೆ ಸೇರಿ ಮತ್ತೆ ಕೇಂದ್ರೀಕರಣವೇ ಆಯಿತಲ್ಲ! ಅವರ ಆತಂಕ ಸುಳ್ಳಲ್ಲ. ಆದರೆ ಖಾಲಿ ಇರುವ ಸಾವಿರ ಮನೆಗಿಂತ ಜನ ಇರುವ ಒಂದು ಮನೆಯಿಂದ ಶುರು ಮಾಡಿ, ಆಮೇಲೆ ಬೇಕಾದಲ್ಲಿಗೆ ಹೋಗುವ ದಾರಿ ತೋರಿಸೋದೇ ಲೇಸು ಅಂತ ನಮ್ಮ ಅಭಿಪ್ರಾಯ.

ಸರ್ವರ್ ದಾಟಿದರೆ ಚೆಕ್‌ಪೋಸ್ಟ್

ಗಡಿಯಲ್ಲಿ ಬದುಕುವ ನಮಗೆ ಈ ಸಮಸ್ಯೆ ವಿವರಿಸಬೇಕಾಗೇ ಇಲ್ಲ. ಒಂದೇ ಬೀದಿ, ಒಂದೇ ಸಂಬಂಧ, ಆದರೆ ಗೆರೆ ದಾಟಿದ ಕೂಡಲೇ ನಿಮ್ಮ ಕಾಗದಪತ್ರ ಇಲ್ಲಿ ನಡೆಯಲ್ಲ ಅಂತಾರೆ.

ನೀವು ಒಂದು ಸರ್ವರ್‌ನಲ್ಲಿದ್ದೀರಿ. ಯಾರೋ ವಾಟ್ಸಾಪ್‌ನಲ್ಲಿ ಇನ್ನೊಂದು ಸರ್ವರ್‌ನ ಕೊಂಡಿ ಕಳಿಸ್ತಾರೆ. ತೆರೆದು ‘ಫಾಲೋ’ ಒತ್ತಿದರೆ, ನೀವು ಯಾರು ಅಂತ ಆ ಸರ್ವರ್‌ಗೆ ಗೊತ್ತಿಲ್ಲ. 2022ರ ಕೊನೆಗೆ ಬಂದ 4.0 ಆವೃತ್ತಿಯಲ್ಲಿ ಪರದೆ ಹೇಳುತ್ತಿದ್ದದ್ದು ಇದು: ಈ ವಿಳಾಸ ನಕಲು ಮಾಡಿಕೊಳ್ಳಿ, ನಿಮ್ಮ ಸರ್ವರ್‌ಗೆ ಹೋಗಿ, ಅಲ್ಲಿನ ಹುಡುಕು ಪೆಟ್ಟಿಗೆಯಲ್ಲಿ ಅಂಟಿಸಿ, ಸಿಕ್ಕಿದ ಮೇಲೆ ಫಾಲೋ ಮಾಡಿ. ಒಂದು ಬಟನ್ ಮಾಡಬೇಕಾದ ಕೆಲಸಕ್ಕೆ ನಾಲ್ಕು ಮೆಟ್ಟಿಲು. 2023ರ ಸೆಪ್ಟೆಂಬರ್‌ನ 4.2 ಆವೃತ್ತಿಯಲ್ಲಿ ಇದು ಸ್ವಲ್ಪ ಸುಧಾರಿಸಿತು. ನಿಮ್ಮ ಸರ್ವರ್ ಹೆಸರು ಬರೆದರೆ ಅದೇ ಕರೆದುಕೊಂಡು ಹೋಗುತ್ತೆ. ಆದರೂ ಹೆಸರು ನೀವೇ ನೆನಪಿಟ್ಟು ಬರೆಯಬೇಕು.

ಇನ್ನು ಉತ್ತರಗಳ ಗೊಂದಲ. ಒಂದು ಪೋಸ್ಟಿಗೆ ಐವತ್ತು ಜನ ಉತ್ತರ ಕೊಟ್ಟಿರ್ತಾರೆ, ನಿಮ್ಮ ಸರ್ವರ್‌ನಲ್ಲಿ ಆರೇ ಕಾಣುತ್ತೆ. ಯಾಕೆ? ನಿಮ್ಮ ಸರ್ವರ್‌ಗೆ ತನ್ನ ಸದಸ್ಯರು ಫಾಲೋ ಮಾಡಿದವರ ಮಾತು, ತನ್ನವರಿಗೆ ಬಂದ ಮಾತು ಮಾತ್ರ ಖಚಿತವಾಗಿ ತಲುಪುತ್ತೆ. ಉಳಿದದ್ದು ಅದರ ಕಿವಿಗೇ ಬಿದ್ದಿಲ್ಲ. ಹಾಗಾಗಿ ಆಗಲೇ ಹತ್ತು ಜನ ಹೇಳಿದ್ದನ್ನೇ ಹನ್ನೊಂದನೆಯವರಾಗಿ ನೀವೂ ಹೇಳ್ತೀರಿ. ಬೇರೆ ಸರ್ವರ್‌ನವರ ಪುಟ ತೆರೆದರೂ ಇದೇ ಹಣೆಬರಹ: ನಾಲ್ಕು ಪೋಸ್ಟ್ ಇದ್ದು, ಹಳೆಯದಕ್ಕೆ ಮೂಲ ಸರ್ವರ್ ನೋಡಿ ಅನ್ನುವ ಸೂಚನೆ. ಸಣ್ಣ ಸರ್ವರ್ ಸೇರಿದಷ್ಟೂ ಪ್ರಪಂಚ ಖಾಲಿ ಕಾಣುತ್ತೆ. ಅಂದರೆ ವಿಕೇಂದ್ರೀಕರಣದ ಮಾತು ನಂಬಿ ಸಣ್ಣ ಸರ್ವರ್ ಆಯ್ದವರಿಗೇ ಹೆಚ್ಚು ಶಿಕ್ಷೆ! ಈ ಕೊರತೆ ತುಂಬಲು, ಉತ್ತರಗಳನ್ನು ಹುಡುಕಿ ತರುವ ವ್ಯವಸ್ಥೆ ಮ್ಯಾಸ್ಟೊಡಾನ್‌ಗೆ ಬಂದದ್ದು 2025ರಲ್ಲಿ. ಒಂಬತ್ತು ವರ್ಷ ಹಿಡಿಯಿತು.

ಅಂಚೆ ಚೀಲ ತುಂಬಿ ಹೋದಾಗ

ಪರದೆಯ ಸಮಸ್ಯೆ ಕಣ್ಣಿಗೆ ಕಾಣುತ್ತೆ. ವೇಗದ ಸಮಸ್ಯೆ ಒಳಗಿನದು.

ನಿಮ್ಮನ್ನು ಫಾಲೋ ಮಾಡುವ ಜನ ಸಾವಿರ ಸರ್ವರ್‌ಗಳಲ್ಲಿ ಹರಡಿದ್ದರೆ, ನೀವು ಒಂದು ಸಾಲು ಬರೆದಾಗ ನಿಮ್ಮ ಸರ್ವರ್ ಸಾವಿರ ಬಾಗಿಲು ಬಡಿಯಬೇಕು. ಒಂದೊಂದಕ್ಕೂ ಸಹಿ ಹಾಕಿ ಕಳಿಸಬೇಕು. ಬಾಗಿಲು ತೆರೆಯದಿದ್ದರೆ ಆಮೇಲೆ ಮತ್ತೆ ಬಡಿಯಬೇಕು. ಈ ಕೆಲಸಗಳೆಲ್ಲ ಒಂದು ಸರದಿಯಲ್ಲಿ ನಿಲ್ಲುತ್ತವೆ. ಮ್ಯಾಸ್ಟೊಡಾನ್‌ನಲ್ಲಿ ಆ ಸರದಿ ನೋಡಿಕೊಳ್ಳುವ ತಂತ್ರಾಂಶ ಸೈಡ್‌ಕಿಕ್. ಸರದಿ ಉದ್ದವಾದರೆ ಬೆಳಿಗ್ಗೆ ಬರೆದದ್ದು ಮಧ್ಯಾಹ್ನ ತಲುಪುತ್ತೆ. ಬರೆದವರಿಗೆ ಪೋಸ್ಟ್ ಆಗಿದೆ ಅಂತ ಕಾಣುತ್ತೆ, ಓದುವವರಿಗೆ ಏನೂ ಬಂದಿರಲ್ಲ. ಸರದಿ ನಿಧಾನ ಇದೆ ಅಂತ ಬಳಕೆದಾರನಿಗೆ ಪರದೆ ಹೇಳೋದೂ ಇಲ್ಲ.

2022ರ ನವೆಂಬರ್‌ನಲ್ಲಿ ನಡೆದ ಎರಡು ಸಂಗತಿ ನೋಡಿ. ಆರಾಲ್ ಬಾಲ್ಕನ್ ಎಂಬ ತಂತ್ರಜ್ಞರದ್ದು ಅವರೊಬ್ಬರೇ ಇರುವ ಸರ್ವರ್. ಫಾಲೋ ಮಾಡುವವರು ಮಾತ್ರ ಸುಮಾರು 23 ಸಾವಿರ. ಹುಟ್ಟುಹಬ್ಬಕ್ಕೆ ಬಂದ ಶುಭಾಶಯಗಳಿಗೆ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಾ ಹೋದರು. ಅಷ್ಟಕ್ಕೇ ಅವರ ಸರ್ವರ್ ಏದುಸಿರು ಬಿಡತೊಡಗಿತು. ಧನ್ಯವಾದ ಹೇಳೋದೂ ಸರ್ವರ್ ಮೇಲಿನ ದಾಳಿಯಂತೆ ಆಗುತ್ತದಲ್ಲ ಅಂತ ಅವರು ಬರೆದರು. ಅದೇ ಹೊತ್ತಿನಲ್ಲಿ ಅಮೆರಿಕದ ಕ್ರಿಸ್ ನೋವಾ ತಮ್ಮ ಮನೆಯ ನೆಲಮಾಳಿಗೆಯ ಯಂತ್ರಗಳಲ್ಲಿ ನಡೆಸುತ್ತಿದ್ದ ಹ್ಯಾಕಿಡರ್ಮ್ ಸರ್ವರ್, ಒಂದು ತಿಂಗಳಲ್ಲಿ ಕೆಲವು ನೂರು ಜನರಿಂದ ಸುಮಾರು 30 ಸಾವಿರಕ್ಕೆ ಏರಿತು. ಡಿಸ್ಕುಗಳು ಓಟಕ್ಕೆ ಸಿಗಲಿಲ್ಲ, ಚಿತ್ರಗಳು ತೆರೆಯಲಿಲ್ಲ. ಕೊನೆಗೆ ಸ್ವಯಂಸೇವಕರು ಹಗಲು ರಾತ್ರಿ ಕೂತು ಎಲ್ಲವನ್ನೂ ಜರ್ಮನಿಯ ದತ್ತಾಂಶ ಕೇಂದ್ರಕ್ಕೆ ಸಾಗಿಸಿದರು. ನೋವಾ ಅವರ ತಂಡ ಏನು ಕೆಟ್ಟಿತು, ಹೇಗೆ ಸರಿಯಾಯಿತು ಅಂತ ಎಲ್ಲರಿಗೂ ತಿಳಿಯುವ ಹಾಗೆ ಬರೆದಿಟ್ಟಿತು. ದೊಡ್ಡ ಕಂಪನಿಗಳಲ್ಲಿ ಈ ಗುಣ ಸಿಗೋದು ಅಪರೂಪ.

ಚಿತ್ರಗಳದ್ದು ಇನ್ನೊಂದು ಭಾರ. ನೀವು ಹಾಕಿದ ಒಂದು ಫೋಟೊವನ್ನು ಅದು ತಲುಪಿದ ಬಹುತೇಕ ಸರ್ವರ್‌ಗಳು ತಮ್ಮಲ್ಲಿ ಒಂದು ಪ್ರತಿ ಇಟ್ಟುಕೊಳ್ಳುತ್ತವೆ. ಸಣ್ಣ ಸರ್ವರ್ ನಡೆಸುವವರ ಜೇಬಿಗೆ ಕತ್ತರಿ ಬೀಳೋದು ಮುಖ್ಯವಾಗಿ ಇಲ್ಲೇ. ಕೊಂಡಿ ಹಂಚಿದಾಗಲೂ ಅಷ್ಟೇ. ಅದರ ಕೆಳಗೆ ಕಾಣುವ ಚಿತ್ರ, ಶೀರ್ಷಿಕೆಯ ಪುಟ್ಟ ಚೌಕಕ್ಕಾಗಿ ಪ್ರತಿಯೊಂದು ಸರ್ವರ್ ಬೇರೆ ಬೇರೆಯಾಗಿ ಮೂಲ ಜಾಲತಾಣಕ್ಕೆ ಹೋಗುತ್ತೆ. ಒಂದೇ ಕ್ಷಣಕ್ಕೆ ಸಾವಿರಾರು ಸರ್ವರ್ ಮುಗಿಬಿದ್ದರೆ ಸಣ್ಣ ಜಾಲತಾಣ ಕುಸಿದು ಬೀಳುತ್ತೆ. 2024ರಲ್ಲಿ ‘ಇಟ್ಸ್ ಫಾಸ್’ ಎಂಬ ಸುದ್ದಿತಾಣ, ದಯವಿಟ್ಟು ನಮ್ಮ ಕೊಂಡಿಗಳನ್ನು ಮ್ಯಾಸ್ಟೊಡಾನ್‌ನಲ್ಲಿ ಹಂಚಬೇಡಿ ಅಂತ ಬಹಿರಂಗವಾಗಿಯೇ ಬೇಡಿಕೊಂಡಿತು. ಮುಕ್ತ ತಂತ್ರಾಂಶದ ಪರ ಬರೆಯುವ ತಾಣವೇ ಹೀಗೆ ಕೇಳಬೇಕಾಯಿತು ಅಂದರೆ ಯೋಚಿಸಿ.

ಅಗ್ಗದ ಫೋನಿನವರ ಪಾಡು ಬೇರೆ. 4.0ರಿಂದ ಮ್ಯಾಸ್ಟೊಡಾನ್‌ನ ಸಾರ್ವಜನಿಕ ಪುಟವನ್ನು ಸುಮ್ಮನೆ ಓದಬೇಕಿದ್ದರೂ ಇಡೀ ಆ್ಯಪ್‌ನಷ್ಟು ಜಾವಾಸ್ಕ್ರಿಪ್ಟ್ ಇಳಿಯಬೇಕು. ನಾಲ್ಕು ಸಾಲು ಬರಹಕ್ಕೆ ಅಷ್ಟು ಹೊರೆ. ಹಳೇ ಫೋನು, ಗುಡ್ಡದ ಮರೆಯ ಟವರು ಇರುವವರು ಚಕ್ರ ತಿರುಗೋದನ್ನೇ ನೋಡ್ತಾ ಕೂರಬೇಕು.

ಬ್ಲೂಸ್ಕೈ ಆಯ್ದ ದಾರಿ

ಬ್ಲೂಸ್ಕೈ ಈ ಪಾಠ ಕಲಿತೇ ಬಂತು. 2019ರಲ್ಲಿ ಟ್ವಿಟರ್ ಒಳಗಿನ ಯೋಜನೆಯಾಗಿ ಹುಟ್ಟಿ, ಆಮೇಲೆ ಬೇರೆಯಾಗಿ, 2024ರ ಫೆಬ್ರುವರಿಯಲ್ಲಿ ಎಲ್ಲರಿಗೂ ತೆರೆಯಿತು. ಸರ್ವರ್ ಆರಿಸುವ ತಲೆಬಿಸಿ ಹೆಚ್ಚು ಜನಕ್ಕೆ ಬರೋದೇ ಇಲ್ಲ, ಸುಮ್ಮನೆ ಸೇರಬಹುದು. ಉತ್ತರಗಳು ಒಂದೇ ಕಡೆ ಪೂರ್ತಿ ಕಾಣುತ್ತವೆ. ಟೈಮ್‌ಲೈನ್ ಯಾವ ಲೆಕ್ಕದಲ್ಲಿ ಬರಬೇಕು ಅಂತ ಯಾರು ಬೇಕಾದರೂ ಫೀಡ್ ಕಟ್ಟಬಹುದು. 2024ರ ನವೆಂಬರ್‌ನಲ್ಲಿ ಅದರ ಬಳಕೆದಾರರು 2 ಕೋಟಿ ದಾಟಿದರು.

ಆದರೆ ಆ ನುಣುಪಿಗೆ ಬೆಲೆ ಇದೆ. ಎಲ್ಲರ ಪೋಸ್ಟುಗಳನ್ನು ಒಟ್ಟುಮಾಡುವ, ಜೋಡಿಸಿ ತೋರಿಸುವ ದೊಡ್ಡ ಯಂತ್ರಗಳನ್ನು ಬಹುಪಾಲು ಕಂಪನಿಯೇ ನಡೆಸುತ್ತೆ. ಅದೇ ನವೆಂಬರ್‌ನಲ್ಲಿ ಕಂಪನಿಗೆ ಇಂಟರ್ನೆಟ್ ಒದಗಿಸುತ್ತಿದ್ದವರ ಒಂದು ಫೈಬರ್ ಕೇಬಲ್ ಕಡಿದದ್ದಕ್ಕೆ ಸೇವೆಗೆ ಪೆಟ್ಟು ಬಿತ್ತು. ಮ್ಯಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಬಿದ್ದರೆ ಉಳಿದ ಊರು ನಡೆಯುತ್ತೆ. ಇಲ್ಲಿ ಮೇನ್ ಲೈನ್ ಹೋದರೆ ಊರಿಗೆಲ್ಲ ಕತ್ತಲೆ. ಬ್ಲೂಸ್ಕೈನ ವಿನ್ಯಾಸದಲ್ಲಿ ಹೊರಗೆ ಹೋಗುವ ಬಾಗಿಲು ಇದೆ, ನಿಜ. ಅದನ್ನು ಬಳಸಿದವರು ಇನ್ನೂ ಕಡಿಮೆ.

ಹಾಗಾದರೆ ಮ್ಯಾಸ್ಟೊಡಾನ್‌ನಲ್ಲಿ ಎಲ್ಲ ಭದ್ರವೇ? ಅದೂ ಇಲ್ಲ. 2023ರಲ್ಲಿ ಮ್ಯಾಸ್ಟೊಡಾನ್ ಡಾಟ್ ಎಲ್‌ಒಎಲ್ ಸರ್ವರ್ ನಡೆಸುತ್ತಿದ್ದವರು ಜಗಳಗಳಿಂದ ಬೇಸತ್ತು ಮುಚ್ಚಿದರು, ಅಲ್ಲಿದ್ದ ಸುಮಾರು 12 ಸಾವಿರ ಜನ ಗುಳೆ ಏಳಬೇಕಾಯಿತು. 2024ರ ಫೆಬ್ರುವರಿಯಲ್ಲಿ ಕ್ವೀರ್ ಡಾಟ್ ಎಎಫ್ ಸರ್ವರ್‌ನ ವಿಳಾಸವೇ ಹೋಯಿತು. ಆ ‘ಎಎಫ್’ ಅಫ್ಘಾನಿಸ್ತಾನದ್ದು, ಅಲ್ಲಿನ ತಾಲಿಬಾನ್ ಆಡಳಿತದ ಸಚಿವಾಲಯ ಅದನ್ನು ನಿಲ್ಲಿಸಿತು. ಮೊಜಿಲ್ಲಾದಂಥ ದೊಡ್ಡ ಸಂಸ್ಥೆಯೂ 2024ರ ಡಿಸೆಂಬರ್‌ನಲ್ಲಿ ತನ್ನ ಸರ್ವರ್ ಮುಚ್ಚಿತು. ಮ್ಯಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಬಿಟ್ಟು ಇನ್ನೊಂದಕ್ಕೆ ಹೋದರೆ ಫಾಲೋ ಮಾಡುವವರು ಜೊತೆಗೆ ಬರ್ತಾರೆ, ಬರೆದ ಪೋಸ್ಟುಗಳು ಬರಲ್ಲ. ಬಂಧುಗಳು ಬಂದರು, ಹೊಲ ಅಲ್ಲೇ ಉಳಿಯಿತು ಅನ್ನುವ ಹಾಗೆ. ವರ್ಷಗಟ್ಟಲೆ ಶಾಲೆಯ ದಾಖಲೆ, ಊರಿನ ಫೋಟೊ, ಹಿರಿಯರ ಮಾತು ಸೇರಿಸಿಟ್ಟ ಪುಟಗಳಿಗೆ ಇದೇ ಎಲ್ಲಕ್ಕಿಂತ ದೊಡ್ಡ ಕೊರತೆ.

ಎಲ್ಲ ಅಡ್ಡಿಯೂ ತಪ್ಪಲ್ಲ

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮ್ಯಾಸ್ಟೊಡಾನ್‌ನಲ್ಲಿ ಕೊರತೆ ಅಂತ ಕಾಣುವ ಕೆಲವನ್ನು ಬೇಕಂತಲೇ ಹಾಗೆ ಇಟ್ಟಿದ್ದರು. ಬೇರೆಯವರ ಪೋಸ್ಟ್ ಎತ್ತಿ, ಮೇಲೆ ತಮ್ಮ ಮಾತು ಸೇರಿಸಿ ಹಂಚುವ ಸೌಲಭ್ಯವನ್ನು ವರ್ಷಗಟ್ಟಲೆ ಕೊಡಲಿಲ್ಲ. ಅದನ್ನು ಬಳಸಿ ಗುಂಪುಗಟ್ಟಿ ಒಬ್ಬರ ಮೇಲೆ ಬೀಳ್ತಾರೆ ಅನ್ನುವ ಭಯ. 2025ರಲ್ಲಿ ಕೊಟ್ಟಾಗಲೂ, ತನ್ನ ಪೋಸ್ಟನ್ನು ಯಾರು ಹಾಗೆ ಎತ್ತಬಹುದು ಅಂತ ತೀರ್ಮಾನಿಸುವ ಹಕ್ಕನ್ನು ಬರೆದವರಿಗೇ ಬಿಟ್ಟರು. ಎಲ್ಲರ ಪೋಸ್ಟಿನಲ್ಲೂ ಪದ ಹುಡುಕುವ ಸೌಲಭ್ಯ 4.2ರವರೆಗೆ ಇರಲಿಲ್ಲ. ಈಗಲೂ ಒಪ್ಪಿಗೆ ಕೊಟ್ಟವರ ಸಾರ್ವಜನಿಕ ಪೋಸ್ಟ್ ಮಾತ್ರ ಸಿಗುತ್ತೆ. ಬೈಯೋದಕ್ಕೇ ಜನರನ್ನು ಹುಡುಕುವವರಿಗೆ ಇದು ತಡೆ.

ಭಾಷೆಯ ವಿಷಯ ಎತ್ತಿದ ಕೂಡಲೇ ಗುಂಪು ಮುಗಿಬೀಳೋದು ಏನು ಅಂತ ಗಡಿಯ ಕನ್ನಡಿಗರಿಗೆ ಗೊತ್ತು. ಹಾಗಾಗಿ ಈ ಅಡ್ಡಿಗಳನ್ನು ನಾವು ಬೆಂಬಲಿಸ್ತೀವಿ. ಆದರೆ ಕಾಪಾಡುವ ಬೇಲಿ ಬೇರೆ, ದಾರಿಯಲ್ಲಿ ಬಿದ್ದ ಕಲ್ಲು ಬೇರೆ. ಹುಡುಕಾಟಕ್ಕೆ ಒಪ್ಪಿಗೆ ಕೇಳೋದು ಬೇಲಿ. ಫಾಲೋ ಮಾಡೋದಕ್ಕೆ ವಿಳಾಸ ನಕಲು ಮಾಡಿಸೋದು ಕಲ್ಲು. ಎರಡನ್ನೂ ‘ನಮ್ಮ ಸಂಸ್ಕೃತಿ’ ಅಂತ ಸಮರ್ಥಿಸುವ ಹಳಬರ ಮಾತನ್ನು ನಾವು ಒಪ್ಪಲ್ಲ. “ಕಷ್ಟ ಆದ್ರೆ ಬರಬೇಡಿ” ಅನ್ನೋದು ಸ್ವಾತಂತ್ರ್ಯದ ಭಾಷೆ ಅಲ್ಲ. ಕಚೇರಿ ಕಿಟಕಿಯಲ್ಲಿ ಆ ದನಿ ನಾವು ಸಾಕಷ್ಟು ಕೇಳಿದ್ದೀವಿ.

ನಾವು ಮಾಡಬಹುದಾದದ್ದು

ಎಲ್ಲರೂ ಇವತ್ತೇ ಇರೋದನ್ನೆಲ್ಲ ಬಿಟ್ಟು ಹೊರಡಿ ಅಂತ ನಾವು ಹೇಳಲ್ಲ. ಜನ ಇರುವಲ್ಲಿ ನಾವೂ ಇರಬೇಕು. ಆದರೆ ಎರಡನೇ ಕಾಲು ಊರೋದಕ್ಕೆ ಒಂದು ಜಾಗ ಈಗಲೇ ನೋಡಿಟ್ಟುಕೊಳ್ಳೋದು ಜಾಣತನ.

ಒಂದು: ಹೋಗೋದಾದರೆ ಒಬ್ಬೊಬ್ಬರೇ ಹೋಗಬೇಡಿ. ಹತ್ತು ಜನ ಒಂದೇ ವಾರ, ಒಂದೇ ಸರ್ವರ್‌ಗೆ ಹೋಗಿ. ಮೊದಲ ದಿನದ ಖಾಲಿತನದ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತೆ. ಸರ್ವರ್ ನಡೆಸುವವರು ಯಾರು, ಖರ್ಚು ಹೇಗೆ ನಡೆಯುತ್ತೆ, ಎಷ್ಟು ವರ್ಷದಿಂದ ಇದೆ ಅಂತ ನೋಡಿ ಆರಿಸಿ.

ಎರಡು: ಬರೆಯುವಾಗ ಪೋಸ್ಟಿನ ಭಾಷೆ ‘ಕನ್ನಡ’ ಅಂತ ಗುರುತಿಸಿ. ಮ್ಯಾಸ್ಟೊಡಾನ್, ಬ್ಲೂಸ್ಕೈ ಎರಡರಲ್ಲೂ ಈ ಆಯ್ಕೆ ಇದೆ. ಗುರುತಿಸದಿದ್ದರೆ ಕನ್ನಡದಲ್ಲಿ ಬರೆದದ್ದೂ ಇಂಗ್ಲಿಷ್ ಅಂತ ದಾಖಲಾಗಬಹುದು. ಕನ್ನಡ ಮಾತ್ರ ತೋರಿಸು ಅಂತ ಆಯ್ದುಕೊಂಡವರಿಗೆ ನಿಮ್ಮ ಮಾತು ಕಾಣಲ್ಲ. ಜನಗಣತಿಯಲ್ಲಿ ಮಾತೃಭಾಷೆಯ ಕಾಲಂ ಸರಿಯಾಗಿ ತುಂಬಿಸಿ ಅಂತ ಮನೆಮನೆಗೆ ಹೋಗಿ ಹೇಳುವ ನಾವು ಇಲ್ಲೂ ಅದನ್ನೇ ಹೇಳ್ತೀವಿ.

ಮೂರು: ತಿಂಗಳಿಗೊಮ್ಮೆ ನಿಮ್ಮ ಪುಟದ ದತ್ತಾಂಶ ಇಳಿಸಿಟ್ಟುಕೊಳ್ಳಿ. ಯಾವ ಜಾಲತಾಣವೇ ಆಗಲಿ, ಮೂಲ ಫೋಟೊ, ಮೂಲ ಬರಹ ನಿಮ್ಮ ಬಳಿಯೇ ಇರಲಿ.

ನಾಲ್ಕು: ಕೋಡಿಂಗ್, ವಿನ್ಯಾಸ ಕಲಿಯುತ್ತಿರುವವರು ನಿಮ್ಮಲ್ಲಿ ಬಹಳ ಜನ ಇದ್ದೀರಿ. ಮ್ಯಾಸ್ಟೊಡಾನ್‌ನ ಅನುವಾದ ಕ್ರೌಡಿನ್ ಎಂಬ ತಾಣದಲ್ಲಿ ಸ್ವಯಂಸೇವಕರಿಂದ ನಡೆಯುತ್ತೆ. ಅಲ್ಲಿ ಕನ್ನಡದ ಕೆಲಸಕ್ಕೆ ಕೈ ಬೇಕು. ‘ಫೆಡರೇಟೆಡ್ ಟೈಮ್‌ಲೈನ್’ ಅನ್ನುವುದಕ್ಕೆ ನಿಘಂಟಿನ ಗಟ್ಟಿ ಪದ ಹುಡುಕಬೇಡಿ. ತಾಳವಾಡಿಯ ಅಂಗಡಿಯವರಿಗೂ ಜತ್ತದ ಅಕ್ಕನಿಗೂ ತಿಳಿಯುವ ಮಾತು ಹುಡುಕಿ. ಹಳೇ ಫೋನಿನಲ್ಲಿ ಪುಟ ತೆರೆಯಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆದು ದೂರು ದಾಖಲಿಸಿ. ಇವೆಲ್ಲ ಮುಕ್ತ ತಂತ್ರಾಂಶಗಳು, ದೂರನ್ನು ಯಾರು ಬೇಕಾದರೂ ಬರೆಯಬಹುದು, ತಿದ್ದುಪಡಿಯನ್ನೂ ಕಳಿಸಬಹುದು. ವೇಗದ ಇಂಟರ್ನೆಟ್ ಇರುವ ಮಹಾನಗರದಲ್ಲಿ ಕೂತವರಿಗೆ ಕಾಣದ ಕಷ್ಟ ನಿಮಗೆ ಕಾಣುತ್ತೆ.

ನಿಮ್ಮಲ್ಲಿ ಈಗಾಗಲೇ ಅಲ್ಲಿ ಖಾತೆ ಇರುವವರು, ಹೋಗಿ ಬೇಸತ್ತು ಬಂದವರು, ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಕಾಮೆಂಟಿನಲ್ಲಿ ಬರೆಯಿರಿ. ಯಾವ ಪರದೆ, ಯಾವ ಫೋನು, ಎಲ್ಲಿ ನಿಂತಿತು ಅಂತ ನಿಖರವಾಗಿ ಹೇಳಿ. ಅವನ್ನೆಲ್ಲ ಒಟ್ಟುಮಾಡಿ, ಇಂಗ್ಲಿಷಿಗೆ ತಂದು, ಆಯಾ ಯೋಜನೆಯವರಿಗೆ ತಲುಪಿಸುವ ಕೆಲಸ ನಾವು ಮಾಡ್ತೀವಿ.